ಕ್ವಿಬೆಕ್‌ನ ಫ್ರೆಂಚ್ ಭಾಷೆಗೆ ಅರಸೊತ್ತಿಗೆ ಬೇಲಿಯಾಗಿತ್ತೇ, ಅಡ್ಡಗೋಡೆಯಾಗಿತ್ತೇ?

ಹಳೆಯ ಪುಟ (ಪ್ರಶ್ನೆ)

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಭಾಷಾ ಹೋರಾಟದ ಬಗ್ಗೆ ಕೆಲವು ತಿಂಗಳಿಂದ ಓದುತ್ತಿದ್ದೇನೆ. ಎಷ್ಟು ಓದಿದರೂ ಒಂದು ವಿಷಯ ಬಗೆಹರಿಯದೆ ಉಳಿದಿದೆ. ತಿಳಿದವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

2022ರ ಅಕ್ಟೋಬರ್ ಚುನಾವಣೆಯಲ್ಲಿ, ಪ್ರತ್ಯೇಕ ರಾಷ್ಟ್ರ ಬೇಕೆನ್ನುವ ಪಾರ್ಟಿ ಕೆಬೆಕ್ವಾ ಪಕ್ಷದಿಂದ ಮೂವರೇ ಗೆದ್ದರು. ಅವರ ನಾಯಕ ಪಾಲ್ ಸ್ಯಾಂ-ಪಿಯೆರ್ ಪ್ಲಾಮೊಂಡೊನ್ ಮತ್ತು ಉಳಿದಿಬ್ಬರು ಕ್ವಿಬೆಕ್ ಜನತೆಗೆ ನಿಷ್ಠರಾಗಿರುತ್ತೇವೆಂಬ ಪ್ರಮಾಣವಚನವನ್ನು ಸ್ವೀಕರಿಸಿದರು. ಬ್ರಿಟನ್ನಿನ ಅರಸನೂ ಕೆನಡಾದ ರಾಷ್ಟ್ರಮುಖ್ಯಸ್ಥನೂ ಆದ ಮೂರನೆಯ ಚಾರ್ಲ್ಸ್‌ಗೆ ನಿಷ್ಠೆ ಸೂಚಿಸುವ ಪ್ರಮಾಣವಚನವನ್ನು ಮಾತ್ರ ನಿರಾಕರಿಸಿದರು. ಡಿಸೆಂಬರ್ 1ರಂದು ಅವರು ಕ್ವಿಬೆಕ್ ಶಾಸನಸಭೆಯ ಸಭಾಂಗಣದ ಬಾಗಿಲವರೆಗೆ ಬಂದಾಗ ಅವರನ್ನು ಒಳಗೆ ಬಿಡಲಿಲ್ಲ. ಎಂಟು ದಿನಗಳ ಬಳಿಕ ಸಭೆಯೇ ಕಾನೂನು ಮಾಡಿ ಆ ಪ್ರಮಾಣವಚನದ ಕಡ್ಡಾಯವನ್ನು ತೆಗೆದುಹಾಕಿತು.

ಇದನ್ನು ಓದಿದಾಗ ನನಗೆ 1774ರ ಕ್ವಿಬೆಕ್ ಕಾಯ್ದೆ ನೆನಪಾಯಿತು. 1763ರ ಪ್ಯಾರಿಸ್ ಒಪ್ಪಂದದಿಂದ ಫ್ರಾನ್ಸಿನ ಕೈತಪ್ಪಿ ಬ್ರಿಟನ್ನಿನ ವಶಕ್ಕೆ ಬಂದ ಆ ನೆಲದ ಫ್ರೆಂಚ್ ಜನರು ಕ್ಯಾಥೊಲಿಕರು. ಆಗಿನ ಪ್ರಮಾಣವಚನದಲ್ಲಿ ತಮ್ಮ ಧರ್ಮವನ್ನೇ ಅಲ್ಲಗಳೆಯುವ ಮಾತುಗಳಿದ್ದುದರಿಂದ ಅವರು ಸರ್ಕಾರಿ ಹುದ್ದೆ ಹಿಡಿಯುವಂತಿರಲಿಲ್ಲ. 1774ರ ಕಾಯ್ದೆಯು ಆ ಮಾತುಗಳನ್ನು ಬಿಟ್ಟು, ಮೂರನೆಯ ಜಾರ್ಜ್ ಅರಸನಿಗೆ ನಿಷ್ಠೆಯನ್ನಷ್ಟೇ ಕೇಳುವ ಬೇರೊಂದು ಪ್ರಮಾಣವಚನವನ್ನು ಅವರಿಗಾಗಿಯೇ ಬರೆಯಿತು. ಇಂಗ್ಲೆಂಡಿನಲ್ಲೇ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯಲು 1829ರವರೆಗೆ ಕಾಯಬೇಕಾಯಿತು.

ಅರಸನ ಹೆಸರಿನ ಪ್ರಮಾಣವಚನದಿಂದ ಅಂದು ತೆರೆದ ಬಾಗಿಲು ಇಂದು ಅದೇ ಪ್ರಮಾಣವಚನದಿಂದ ಮುಚ್ಚಿಕೊಂಡಿದ್ದು ಹೇಗೆ? ಬ್ರಿಟಿಷ್ ಅರಸೊತ್ತಿಗೆಯು ಫ್ರೆಂಚ್ ಭಾಷೆಯನ್ನು ಕಾಯಿತೇ, ಕೆಡಿಸಿತೇ? ಪ್ರತ್ಯೇಕವಾದರೆ ಆ ಭಾಷೆ ನಿಜವಾಗಿಯೂ ಹೆಚ್ಚು ಭದ್ರವಾಗುತ್ತದೆಯೇ?

ಕಾಯ್ದೆ ಓದುವವ

ನೀವು ಪ್ರಶ್ನೆಯನ್ನು ಸರಿಯಾದ ಜಾಗದಿಂದಲೇ ಎತ್ತಿಕೊಂಡಿದ್ದೀರಿ. ಆದರೆ 1774ರ ಕಾಯ್ದೆಯ ಬಗ್ಗೆ ಒಂದು ಮಾತು ಸೇರಿಸಬೇಕು. ಆ ಕಾಯ್ದೆಯಲ್ಲಿ ಫ್ರೆಂಚ್ ಭಾಷೆಯ ಬಗ್ಗೆ ಒಂದು ಅಕ್ಷರವೂ ಇಲ್ಲ. ಕ್ಯಾಥೊಲಿಕ್ ಪೂಜೆಗೆ ಅವಕಾಶ, ಚರ್ಚಿಗೆ ತನ್ನ ಭಕ್ತರಿಂದ ‘ದಶಾಂಶ’ವೆಂಬ ಕಾಣಿಕೆ ವಸೂಲು ಮಾಡುವ ಹಕ್ಕು, ಆಸ್ತಿ ಮತ್ತು ಸಿವಿಲ್ ವ್ಯಾಜ್ಯಗಳಿಗೆ ಹಳೆಯ ಫ್ರೆಂಚ್ ಕಾನೂನು: ಅದು ಕೊಟ್ಟದ್ದು ಇಷ್ಟು. ಆದರೂ ಭಾಷೆ ಉಳಿಯಿತು. ಏಕೆಂದರೆ ಚರ್ಚಿನ ಪ್ರವಚನ ಫ್ರೆಂಚಿನಲ್ಲಿತ್ತು, ಜಮೀನಿನ ಪತ್ರ ಫ್ರೆಂಚಿನಲ್ಲಿತ್ತು, ಅಣ್ಣತಮ್ಮಂದಿರ ಪಾಲುಪಟ್ಟಿಯನ್ನು ನೋಟರಿ ಬರೆಯುತ್ತಿದ್ದುದೂ ಫ್ರೆಂಚಿನಲ್ಲೇ. ಯಾವ ಕಾನೂನಿನಲ್ಲೂ ಹೆಸರಿಲ್ಲದಿದ್ದರೂ ಜನರಿಗೆ ದಿನನಿತ್ಯ ಬೇಕಾಗುವ ಕೆಲಸಗಳಲ್ಲಿ ಬೇರೂರಿದ ಭಾಷೆಯನ್ನು ಕೀಳುವುದು ಕಷ್ಟ ಎಂಬುದಕ್ಕೆ ನನಗೆ ತಿಳಿದಂತೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಬ್ರಿಟಿಷರು ಇದನ್ನು ಔದಾರ್ಯದಿಂದಷ್ಟೇ ಕೊಟ್ಟರೆಂದು ಹೇಳಲಾಗದು. ಮುಂದೆ ಅಮೆರಿಕ ಸಂಯುಕ್ತ ಸಂಸ್ಥಾನವಾದ ದಕ್ಷಿಣದ ಹದಿಮೂರು ವಸಾಹತುಗಳು ಕುದಿಯುತ್ತಿದ್ದ ಕಾಲದಲ್ಲಿ, ಉತ್ತರದ ಫ್ರೆಂಚರೂ ತಿರುಗಿಬಿದ್ದರೆ ಗತಿಯೇನು ಎಂಬ ಲೆಕ್ಕಾಚಾರ ಗವರ್ನರ್ ಗೈ ಕಾರ್ಲ್‌ಟನ್ ಅವರಿಗೆ ಇದ್ದೇ ಇತ್ತು. ಆ ಲೆಕ್ಕ ಬಹುಮಟ್ಟಿಗೆ ಫಲಿಸಿತು. ಮುಂದೆ 1820ರಲ್ಲಿ ಅದೇ ಮೂರನೆಯ ಜಾರ್ಜ್ ತೀರಿಕೊಂಡಾಗ ಬ್ರಿಟಿಷ್ ಆಳ್ವಿಕೆಯನ್ನು ಹೊಗಳಿ ಭಾಷಣ ಮಾಡಿದವರು ಕ್ವಿಬೆಕ್‌ನ ಫ್ರೆಂಚ್ ಮುಖಂಡ ಲೂಯಿ-ಜೋಸೆಫ್ ಪಾಪಿನೋ. ಹದಿನೇಳು ವರ್ಷಗಳ ನಂತರ ಅವರೇ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಪೇಟ್ರಿಯಟ್ ದಂಗೆಯ ನಾಯಕರೆನಿಸಿ ದೇಶ ಬಿಟ್ಟು ಹೋಗಬೇಕಾಯಿತು. ಒಬ್ಬನೇ ಮನುಷ್ಯ ರಾಜಭಕ್ತನಿಂದ ಗಣರಾಜ್ಯವಾದಿಯಾಗುವಷ್ಟು ದೂರವನ್ನು ಕ್ವಿಬೆಕ್ ಆ ಹದಿನೇಳು ವರ್ಷಗಳಲ್ಲಿ ಕ್ರಮಿಸಿತ್ತು.

ದಂಗೆಯ ನಂತರ ಬಂದದ್ದೇ ನಿಜವಾದ ಕೊಡಲಿಪೆಟ್ಟು. ದಂಗೆಯ ಕಾರಣ ತಿಳಿಯಲು ಬ್ರಿಟನ್ ಕಳಿಸಿದ ಲಾರ್ಡ್ ಡರ್ಹಮ್ ತಮ್ಮ 1839ರ ವರದಿಯಲ್ಲಿ ಫ್ರೆಂಚರನ್ನು ಇತಿಹಾಸವಾಗಲಿ ಸಾಹಿತ್ಯವಾಗಲಿ ಇಲ್ಲದ ಜನರೆಂದು ಬರೆದು, ಅವರನ್ನು ಇಂಗ್ಲಿಷಿನಲ್ಲಿ ಕರಗಿಸುವುದೇ ಪರಿಹಾರವೆಂದರು. ಅದರ ಬೆನ್ನಿಗೇ ಬಂದ, ಫ್ರೆಂಚರ ಪ್ರಾಂತ್ಯವನ್ನು ನೆರೆಯ ಇಂಗ್ಲಿಷ್ ಪ್ರಾಂತ್ಯದೊಂದಿಗೆ ಕೂಡಿಸಿದ 1840ರ ಒಕ್ಕೂಟ ಕಾಯ್ದೆಯ 41ನೆಯ ಕಲಮು ಶಾಸನಸಭೆಯ ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿ ಮಾತ್ರ ಇರಬೇಕೆಂದು ವಿಧಿಸಿತು. ಕಾಯ್ದವರೇ ಕಿತ್ತುಕೊಂಡರು, ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಆ ಕಲಮು 1848ರಲ್ಲಿ ರದ್ದಾಯಿತು. 1849ರ ಜನವರಿಯಲ್ಲಿ ಅರಸೊತ್ತಿಗೆಯ ಪ್ರತಿನಿಧಿಯಾದ ಗವರ್ನರ್ ಜನರಲ್ ಲಾರ್ಡ್ ಎಲ್ಗಿನ್, ಅಧಿವೇಶನ ತೆರೆಯುವಾಗ ಅರಸೊತ್ತಿಗೆಯ ಹೆಸರಿನಲ್ಲಿ ಮಾಡುವ ಭಾಷಣವನ್ನು ಇಂಗ್ಲಿಷಿನಲ್ಲಿ ಓದಿ, ಮತ್ತೆ ಫ್ರೆಂಚಿನಲ್ಲೂ ಓದಿದರು.

ಆದ್ದರಿಂದ ‘ಅರಸೊತ್ತಿಗೆ’ ಎಂಬುದನ್ನು ಒಬ್ಬ ವ್ಯಕ್ತಿಯ ಮನಸ್ಸೆಂದು ಓದಬಾರದು ಎಂಬುದು ನನ್ನ ಅಭಿಪ್ರಾಯ. ಆಯಾ ಕಾಲದ ಮಂತ್ರಿಗಳು ಆ ಹೆಸರಿನಲ್ಲಿ ಏನು ಮಾಡಿದರೋ ಅದೇ ಅರಸೊತ್ತಿಗೆಯ ಕೆಲಸವಾಯಿತು. 1870ರಲ್ಲಿ ಮ್ಯಾನಿಟೋಬಾ ಪ್ರಾಂತ್ಯ ಹುಟ್ಟಿದಾಗ ಫ್ರೆಂಚಿಗೆ ಸಮಾನ ಸ್ಥಾನ ಕೊಟ್ಟದ್ದೂ, 1890ರಲ್ಲಿ ಅಲ್ಲಿನ ಶಾಸನಸಭೆ ಅದನ್ನು ಕಿತ್ತುಹಾಕಿದ್ದೂ ವಿಕ್ಟೋರಿಯಾ ರಾಣಿಯ ಹೆಸರಿನಲ್ಲೇ. ಆ ಅನ್ಯಾಯ ಸರಿಹೋದ ಬಗೆಯನ್ನು ಹೇಳದೆ ಇರಲಾರೆ. 1976ರಲ್ಲಿ ಜಾರ್ಜ್ ಫಾರೆಸ್ಟ್ ಎಂಬ ವ್ಯಾಪಾರಿಗೆ ಪಾರ್ಕಿಂಗ್ ತಪ್ಪಿಗೆ ದಂಡದ ಚೀಟಿಯೊಂದು ಇಂಗ್ಲಿಷಿನಲ್ಲಿ ಮಾತ್ರ ಬಂತು. ಆತ ದಂಡ ಕಟ್ಟಿ ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ ಆ ಚೀಟಿ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋದರು. 1979ರಲ್ಲಿ ನ್ಯಾಯಾಲಯವು 1890ರ ಕಾಯ್ದೆ ಅಸಿಂಧುವೆಂದಿತು. 1985ರಲ್ಲಿ ಇನ್ನೂ ಮುಂದೆ ಹೋಗಿ, ಅಷ್ಟೂ ವರ್ಷ ಇಂಗ್ಲಿಷಿನಲ್ಲಿ ಮಾತ್ರ ಮಾಡಿದ ಕಾನೂನುಗಳೆಲ್ಲ ಅಸಿಂಧುವೆಂದೂ, ಅನುವಾದ ಮುಗಿಯುವವರೆಗೆ ತಾತ್ಕಾಲಿಕವಾಗಿ ಜಾರಿಯಲ್ಲಿರಲೆಂದೂ ತೀರ್ಪಿತ್ತಿತು. ಒಂದು ದಂಡದ ಚೀಟಿ ಸುಮಾರು ತೊಂಬತ್ತು ವರ್ಷಗಳ ಕಾನೂನನ್ನು ಅಲುಗಾಡಿಸಿತು.

ಮಾಂಟ್ರಿಯಲ್ ನಿವಾಸಿ

ಇತಿಹಾಸವನ್ನು ಮೇಲಿನವರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ನಾನು ಈ ನಗರದಲ್ಲಿ ಮನೆಮಾಡಿ ಹನ್ನೊಂದು ವರ್ಷಗಳಾದವು; ಭಾಷೆ ಇಲ್ಲಿ ಹೇಗೆ ಉಳಿದಿದೆ ಎಂಬುದನ್ನು ಕಂಡಂತೆ ಹೇಳುತ್ತೇನೆ.

ಇಲ್ಲಿಗೆ ಬಂದಾಗ ಮಗಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಬೇಕೆಂದಿದ್ದೆ. ಅದಕ್ಕೆ ಅನುಮತಿ ಇಲ್ಲವೆಂದು ತಿಳಿದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. 1977ರ ಆಗಸ್ಟ್ 26ರಂದು ಜಾರಿಗೆ ಬಂದ ಫ್ರೆಂಚ್ ಭಾಷಾ ಸನ್ನದಿನ ಪ್ರಕಾರ (ಎಲ್ಲರೂ ಅದನ್ನು 101ನೆಯ ಮಸೂದೆ ಎಂದೇ ಕರೆಯುತ್ತಾರೆ) ತಂದೆ ಅಥವಾ ತಾಯಿ ತಮ್ಮ ಪ್ರಾಥಮಿಕ ಶಿಕ್ಷಣದ ಹೆಚ್ಚಿನ ಭಾಗವನ್ನು ಕೆನಡಾದಲ್ಲೇ ಇಂಗ್ಲಿಷಿನಲ್ಲಿ ಪಡೆದಿದ್ದರೆ ಅಂಥವರ ಮಕ್ಕಳಿಗೆ ಸರ್ಕಾರಿ ಅನುದಾನದ ಇಂಗ್ಲಿಷ್ ಶಾಲೆ ದೊರೆಯುತ್ತದೆ. ಹೊರಗಿನಿಂದ ಬಂದ ನಮ್ಮಂಥವರ ಮಕ್ಕಳು ಫ್ರೆಂಚ್ ಶಾಲೆಗೇ ಹೋಗಬೇಕು. ಹೊಸದಾಗಿ ಬಂದ ಮಕ್ಕಳಿಗೆ ಭಾಷೆ ಕಲಿಸಲೆಂದೇ ಇರುವ ‘ಸ್ವಾಗತ ತರಗತಿ’ಯಲ್ಲಿ ಮಗಳು ಕುಳಿತಳು. ಮೊದಲ ಮೂರು ತಿಂಗಳು ಮನೆಗೆ ಬಂದು ಬ್ಯಾಗ್ ಇಟ್ಟು ಮಾತಿಲ್ಲದೆ ಮೂಲೆ ಸೇರುತ್ತಿದ್ದಳು. ವಸಂತ ಬರುವ ಹೊತ್ತಿಗೆ ಒಂದು ದಿನ, ರಸ್ತೆ ತಿರುವಿನ ಕೆಂಪು ಫಲಕವನ್ನು ನಾನು ‘ಅರೆಟ್’ ಎಂದು ಓದಿದ್ದಕ್ಕೆ, ಕೊನೆಯ ಅಕ್ಷರವನ್ನು ಉಚ್ಚರಿಸಬಾರದು, ‘ಆರೆ’ ಎನ್ನಬೇಕು ಎಂದು ನನ್ನನ್ನು ತಿದ್ದಿದಳು. ಫ್ರಾನ್ಸಿನಲ್ಲೇ ಆ ಫಲಕದ ಮೇಲೆ ‘ಸ್ಟಾಪ್’ ಎಂದಿರುತ್ತದೆ. ಇಲ್ಲಿ ಮಾತ್ರ ‘ಆರೆ’. ಭಾಷೆಯ ಬಗ್ಗೆ ಭಯವಿರುವ ಊರು ಯಾವುದು, ಇಲ್ಲದ ಊರು ಯಾವುದು ಎಂಬುದು ನನಗೆ ಆ ಫಲಕದಿಂದಲೇ ತಿಳಿಯಿತು.

ಆ ಭಯಕ್ಕೆ ಕಾರಣವಿದೆ. 1960ರ ದಶಕದಲ್ಲಿ ವಲಸೆ ಬಂದವರ ಮಕ್ಕಳಲ್ಲಿ ಬಹುಪಾಲು ಇಂಗ್ಲಿಷ್ ಶಾಲೆಗಳಿಗೇ ಸೇರುತ್ತಿದ್ದರು. ಈ ವಿಷಯಕ್ಕಾಗಿ ಮಾಂಟ್ರಿಯಲ್‌ನ ಸ್ಯಾಂ-ಲೆಯೊನಾರ್‌ನಲ್ಲಿ 1968–69ರಲ್ಲಿ ಬೀದಿ ಘರ್ಷಣೆಯೇ ನಡೆಯಿತು. ಹೆಚ್ಚು ಮಕ್ಕಳನ್ನು ಹೆತ್ತು ಸಂಖ್ಯೆ ಕಾಪಾಡಿಕೊಂಡಿದ್ದ ಫ್ರೆಂಚ್ ಕುಟುಂಬಗಳು ಅಷ್ಟರಲ್ಲಿ ಚಿಕ್ಕದಾಗತೊಡಗಿದ್ದವು. ದೊಡ್ಡ ಕಂಪನಿಗಳ ಮೇಲಿನ ಹುದ್ದೆಗಳೆಲ್ಲ ಇಂಗ್ಲಿಷ್ ಬಲ್ಲವರ ಕೈಯಲ್ಲಿದ್ದವು. ಮನೆಯಲ್ಲಿ ಮಾತನಾಡುವ ಭಾಷೆ ಅನ್ನ ಕೊಡದಿದ್ದರೆ ವಲಸಿಗ ಅದನ್ನೇಕೆ ಕಲಿಯಬೇಕು? ಶಾಲೆಯ ಜತೆಗೆ ಕೆಲಸದ ಜಾಗದ ಭಾಷೆಯನ್ನೂ ಫ್ರೆಂಚ್ ಮಾಡಿದ್ದರಿಂದಲೇ 101ನೆಯ ಮಸೂದೆ ಗಟ್ಟಿಯಾಯಿತು. ಇಂದು ನನ್ನ ಕಚೇರಿಯ ಸಭೆಗಳು ಫ್ರೆಂಚಿನಲ್ಲಿ ನಡೆಯುತ್ತವೆ, ಕಂಪ್ಯೂಟರಿನ ಮೆನು ಫ್ರೆಂಚಿನಲ್ಲಿದೆ, ನಾನೂ ರಾತ್ರಿ ತರಗತಿಗೆ ಹೋಗಿ ಕಲಿತೆ.

ಪ್ರಶ್ನೆ ಕೇಳಿದವರು ಗಮನಿಸಬೇಕಾದ ಸಂಗತಿ ಇದು: ಈ ಕಾನೂನನ್ನು ಮಾಡಿದ್ದು ರೆನೆ ಲೆವೆಕ್ ಅವರ ಪ್ರತ್ಯೇಕತಾವಾದಿ ಸರ್ಕಾರ, ಅದನ್ನು ರೂಪಿಸಿದವರು ಮಂತ್ರಿ ಕಮೀಲ್ ಲೊರ‍್ಯಾಂ. ಆದರೆ ಪ್ರತ್ಯೇಕತೆಯ ಜನಮತಗಣನೆ ನಡೆದದ್ದು ಮೂರು ವರ್ಷಗಳ ನಂತರ, 1980ರಲ್ಲಿ, ಮತ್ತು ಅದು ಸೋತಿತು. ಭಾಷೆಗೆ ಅತಿ ದೊಡ್ಡ ರಕ್ಷಣೆ ಸಿಕ್ಕಿದ್ದು ಕೆನಡಾದ ಒಳಗಿದ್ದಾಗಲೇ, ರಾಣಿಯ ಪ್ರತಿನಿಧಿಯ ಅಂಕಿತದೊಂದಿಗೇ.

ಹಾಗೆಂದು ಎಲ್ಲವೂ ಸುಭದ್ರವಾಗಿದೆ ಎನ್ನಲಾರೆ. ಮನೆಯಲ್ಲಿ ಮುಖ್ಯವಾಗಿ ಫ್ರೆಂಚ್ ಮಾತನಾಡುವವರ ಪ್ರಮಾಣ ಕ್ವಿಬೆಕ್‌ನಲ್ಲಿ 2016ರಲ್ಲಿ ಶೇ. 79.0 ಇದ್ದದ್ದು 2021ರ ಜನಗಣತಿಯಲ್ಲಿ ಶೇ. 77.5ಕ್ಕೆ ಇಳಿಯಿತು. ಅಂಗಡಿಗೆ ಹೋದರೆ ‘ಬೋಂಜೂರ್-ಹಾಯ್’ ಎಂದು ಎರಡೂ ಭಾಷೆಗಳಲ್ಲಿ ಒಂದೇ ಉಸಿರಿಗೆ ಸ್ವಾಗತಿಸುತ್ತಾರೆ. ಬರೀ ‘ಬೋಂಜೂರ್’ ಎನ್ನಿರೆಂದು ವ್ಯಾಪಾರಿಗಳನ್ನು ಕೋರುವ ಗೊತ್ತುವಳಿಯನ್ನು 2017ರಲ್ಲಿ ಇಲ್ಲಿನ ಸಭೆ ಸರ್ವಾನುಮತದಿಂದ ಒಪ್ಪಿತು. ಹೊರಗಿನವರಿಗೆ ಇದು ಅತಿಯೆನಿಸಬಹುದು. ಇಂಗ್ಲಿಷಿನ ಖಂಡದಲ್ಲಿ ಸುತ್ತುವರಿದು ಬದುಕುವವರಿಗೆ ಹಾಗೆನಿಸುವುದಿಲ್ಲ.

ಸ್ವಂತ ಮನೆ

ಮಾಂಟ್ರಿಯಲ್ ನಿವಾಸಿಯವರ ಮಾತನ್ನು ಗೌರವಿಸುತ್ತೇನೆ, ಆದರೆ ಅವರ ತೀರ್ಮಾನವನ್ನು ಒಪ್ಪಲಾರೆ. 101ನೆಯ ಮಸೂದೆ ಹುಟ್ಟಿದ್ದು ಕೆನಡಾದ ಒಳಗೆ ಎಂಬುದು ನಿಜ. ಅದರ ರೆಕ್ಕೆಪುಕ್ಕ ಕತ್ತರಿಸಿದ್ದೂ ಕೆನಡಾದ ಸಂವಿಧಾನವೇ. ಶಾಸನಗಳ ಭಾಷೆ ಫ್ರೆಂಚ್ ಮಾತ್ರ ಎಂಬ ಭಾಗವನ್ನು ಸುಪ್ರೀಂ ಕೋರ್ಟ್ 1979ರಲ್ಲಿ ತಳ್ಳಿಹಾಕಿತು. ಇಂಗ್ಲಿಷ್ ಶಾಲೆಯ ಹಕ್ಕನ್ನು ಕ್ವಿಬೆಕ್‌ನಲ್ಲೇ ಓದಿದವರ ಮಕ್ಕಳಿಗೆ ಸೀಮಿತಗೊಳಿಸಿದ್ದ ಭಾಗ 1984ರಲ್ಲಿ ಹೋಯಿತು. ಅಂಗಡಿ ಫಲಕಗಳಲ್ಲಿ ಫ್ರೆಂಚ್ ಮಾತ್ರ ಇರಬೇಕೆಂಬ ಭಾಗ 1988ರಲ್ಲಿ ಹೋಯಿತು. 1984ರ ತೀರ್ಪಿಗೆ ಆಧಾರವಾದದ್ದು 1982ರ ಸಂವಿಧಾನ. ಎಲಿಜಬೆತ್ ರಾಣಿ ಒಟ್ಟಾವಾಕ್ಕೆ ಬಂದು ಆ ವರ್ಷದ ಏಪ್ರಿಲ್ 17ರಂದು ಸಹಿ ಹಾಕಿದ ಆ ಸಂವಿಧಾನಕ್ಕೆ ಕ್ವಿಬೆಕ್ ಸರ್ಕಾರ ಇಂದಿಗೂ ಒಪ್ಪಿಗೆ ಕೊಟ್ಟಿಲ್ಲ. ನಮ್ಮ ಒಪ್ಪಿಗೆಯಿಲ್ಲದ ಕಾಗದದ ಮೇಲೆ ಯಾರ ಸಹಿ ಬಿತ್ತೋ ಅವರಿಗೇ ನಿಷ್ಠೆ ಸಲ್ಲಿಸಿ ಎಂದರೆ ಜನಪ್ರತಿನಿಧಿಯ ನಾಲಿಗೆ ತಡವರಿಸುವುದು ಸಹಜ.

ಪ್ರತ್ಯೇಕತೆ ಬೇಕೆನ್ನುವವರ ವಾದ ಅರಸನ ಮೇಲಿನ ದ್ವೇಷವಲ್ಲ. ಭಾಷೆಯ ಬಗ್ಗೆ ಕೊನೆಯ ಮಾತು ಯಾರದ್ದು ಎಂಬುದೇ ಅವರ ಪ್ರಶ್ನೆ. ಒಕ್ಕೂಟದ ಒಳಗೆ ಉಳಿದರೆ ಕೊನೆಯ ಮಾತು ಸದಾ ಬಹುಸಂಖ್ಯಾತರದ್ದೇ ಎಂಬುದನ್ನು ಕ್ವಿಬೆಕ್ ಹೊರಗಿನ ಫ್ರೆಂಚರು ಮೈಮೇಲೆ ಅನುಭವಿಸಿದ್ದಾರೆ. ಒಂಟಾರಿಯೊ ಪ್ರಾಂತ್ಯವು 1912ರಲ್ಲಿ 17ನೆಯ ನಿಯಮ ಹೊರಡಿಸಿ, ಫ್ರೆಂಚಿನಲ್ಲಿ ಪಾಠ ಹೇಳುವುದನ್ನು ಮೊದಲ ಎರಡು ವರ್ಷಗಳಿಗೆ ಸೀಮಿತಗೊಳಿಸಿತು. ಅದನ್ನು ಲೆಕ್ಕಿಸದೆ ಒಟ್ಟಾವಾದ ಗೀಗ್ ಶಾಲೆಯಲ್ಲಿ ಡೆಲೋಜ್ ಸೋದರಿಯರಿಬ್ಬರು ಫ್ರೆಂಚಿನಲ್ಲೇ ಪಾಠ ಮುಂದುವರಿಸಿದರು. 1916ರ ಜನವರಿಯ ಚಳಿಯಲ್ಲಿ ಪೊಲೀಸರು ಬಂದಾಗ, ಮಕ್ಕಳ ತಾಯಂದಿರು ಟೋಪಿಗೆ ಸಿಕ್ಕಿಸಿಕೊಳ್ಳುವ ಉದ್ದನೆಯ ಪಿನ್ನುಗಳನ್ನೂ ಅಡುಗೆಮನೆಯ ಸಾಮಾನುಗಳನ್ನೂ ಹಿಡಿದು ಬಾಗಿಲಲ್ಲಿ ನಿಂತರು. ಮಕ್ಕಳಿಗೆ ಮನೆಮಾತಿನಲ್ಲಿ ಪಾಠ ಸಿಗಲೆಂದು ತಾಯಂದಿರು ಟೋಪಿ ಪಿನ್ನು ಹಿಡಿದು ನಿಲ್ಲಬೇಕಾದ ದೇಶದಲ್ಲಿ, ಅಲ್ಪಸಂಖ್ಯಾತ ಭಾಷೆಗೆ ಕೋಟೆ ಬೇಕೆನಿಸಿದರೆ ತಪ್ಪೇನು?

1995ರ ಅಕ್ಟೋಬರ್ 30ರ ಜನಮತಗಣನೆಯಲ್ಲಿ ಬೇಡವೆಂದವರು ಶೇ. 50.58, ಬೇಕೆಂದವರು ಶೇ. 49.42. ಮತ ಹಾಕಿದವರು ನೂರಕ್ಕೆ ತೊಂಬತ್ತಮೂರಕ್ಕೂ ಹೆಚ್ಚು. ಅಷ್ಟು ಜನ ಸಾಲುಗಟ್ಟಿ ನಿಂತು ಹೇಳಿದ್ದನ್ನು ಕ್ಷಣಿಕ ಆವೇಶವೆಂದು ತಳ್ಳಿಹಾಕಲಾಗದು.

ಉತ್ತರದ ಓದುಗ

ಚರ್ಚೆಯಲ್ಲಿ ಇದುವರೆಗೆ ಇಂಗ್ಲಿಷ್ ಮತ್ತು ಫ್ರೆಂಚ್ ಎಂಬ ಎರಡೇ ಭಾಷೆಗಳಿವೆ. ಕ್ವಿಬೆಕ್‌ನ ನಕಾಶೆ ತೆರೆದು ನೋಡಿದರೆ ಅದರ ಉತ್ತರದ ವಿಶಾಲ ಭಾಗ ಕ್ರೀ ಮತ್ತು ಇನುಯಿಟ್ ಜನರ ನೆಲ. ಅವರಿಗೆ ಕ್ರೀಯೂ ಇನುಕ್ಟಿಟುಟ್ ಭಾಷೆಯೂ ಮನೆಮಾತು. 1995ರ ಜನಮತಗಣನೆಗೆ ಆರು ದಿನ ಮೊದಲು ಕ್ರೀ ಜನ ತಮ್ಮದೇ ಮತದಾನ ನಡೆಸಿದರು. ತಮ್ಮ ಒಪ್ಪಿಗೆಯಿಲ್ಲದೆ ತಮ್ಮನ್ನೂ ತಮ್ಮ ನೆಲವನ್ನೂ ಕೆನಡಾದಿಂದ ಬೇರ್ಪಡಿಸಕೂಡದೆಂದು ಶೇ. 96ರಷ್ಟು ಮಂದಿ ಹೇಳಿದರು. ಕೆನಡಾದ ಅನೇಕ ಮೂಲನಿವಾಸಿ ಸಮುದಾಯಗಳು ಅರಸೊತ್ತಿಗೆಯ ಜತೆಗಿನ ತಮ್ಮ ಸಂಬಂಧವನ್ನು ಎರಡು ಜನಾಂಗಗಳ ನಡುವಿನ ಕರಾರೆಂದೇ ಭಾವಿಸುತ್ತವೆ. ಫ್ರೆಂಚರಿಗೆ ಸೋಲಿನ ಗುರುತಾಗಿ ಕಾಣುವ ಅದೇ ಕಿರೀಟ ಅವರಿಗೆ, ಎಷ್ಟೋ ಸಲ ಮಾತು ಮುರಿದಿದ್ದರೂ, ‘ನೀವು ಕೊಟ್ಟ ಮಾತು’ ಎಂದು ಎತ್ತಿ ತೋರಿಸಬಲ್ಲ ಕಾಗದದ ಮೇಲಿನ ಮುದ್ರೆ.

2021ರಲ್ಲಿ ಮೇರಿ ಸೈಮನ್ ಗವರ್ನರ್ ಜನರಲ್ ಆದಾಗ ಈ ತೊಡಕು ಒಬ್ಬರೇ ವ್ಯಕ್ತಿಯಲ್ಲಿ ಎದ್ದು ಕಂಡಿತು. ಅವರು ಆ ಹುದ್ದೆಗೇರಿದ ಮೊದಲ ಮೂಲನಿವಾಸಿ. ಹುಟ್ಟಿದ್ದು ಕ್ವಿಬೆಕ್‌ನದೇ ಉತ್ತರ ತುದಿಯ ನುನಾವಿಕ್‌ನಲ್ಲಿ. ಇನುಕ್ಟಿಟುಟ್ ಮತ್ತು ಇಂಗ್ಲಿಷ್ ಬರುತ್ತಿತ್ತು, ಫ್ರೆಂಚ್ ಬರುತ್ತಿರಲಿಲ್ಲ. ಅಧಿಕೃತ ಭಾಷೆಗಳ ಆಯುಕ್ತರಿಗೆ ಸಾವಿರಕ್ಕೂ ಹೆಚ್ಚು ದೂರುಗಳು ಹೋದವು. ತಾವು ಓದಿದ ಒಕ್ಕೂಟ ಸರ್ಕಾರದ ಶಾಲೆಯಲ್ಲಿ ಫ್ರೆಂಚ್ ಕಲಿಯುವ ಅವಕಾಶವೇ ಇರಲಿಲ್ಲ, ಈಗ ಕಲಿಯುತ್ತೇನೆ ಎಂದು ಅವರು ಉತ್ತರಿಸಿದರು. ದೂರಿತ್ತವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ ದೂರುಗಳ ಬಗ್ಗೆ ಓದುವಾಗ, ಇನುಕ್ಟಿಟುಟ್ ಬಾರದ ಗವರ್ನರ್ ಜನರಲ್‌ಗಳ ಮೇಲೆ ದೂರು ಕೊಡಲು ಆ ಜನರಿಗೆ ಯಾವ ಕಚೇರಿ ಇತ್ತು ಎಂಬ ಪ್ರಶ್ನೆ ನನ್ನನ್ನು ಬಿಟ್ಟುಹೋಗಲಿಲ್ಲ.

ಅಕೇಡಿಯನ್ನರನ್ನೂ ಮರೆಯಬಾರದು. ಅಟ್ಲಾಂಟಿಕ್ ಕರಾವಳಿಯ ಈ ಫ್ರೆಂಚ್ ರೈತರನ್ನು 1755ರಿಂದ ಬ್ರಿಟಿಷರು ಹಡಗುಗಳಿಗೆ ತುಂಬಿ ದೇಶಾಂತರ ಕಳಿಸಿದರು, ಮನೆಗಳನ್ನು ಸುಟ್ಟರು. ಅವರಲ್ಲಿ ಕೆಲವರು ಕೊನೆಗೆ, ಇಂದು ಅಮೆರಿಕ ಸಂಯುಕ್ತ ಸಂಸ್ಥಾನದ ರಾಜ್ಯವಾಗಿರುವ ಲೂಯಿಸಿಯಾನ ಸೇರಿದರು. ಅರಸನಿಲ್ಲದ ಆ ಗಣರಾಜ್ಯದಲ್ಲಿ 1921ರ ರಾಜ್ಯ ಸಂವಿಧಾನವು ಶಾಲೆಗಳಲ್ಲಿ ಇಂಗ್ಲಿಷನ್ನೇ ಕಡ್ಡಾಯ ಮಾಡಿತು. ಆಟದ ಬಯಲಿನಲ್ಲಿ ಫ್ರೆಂಚ್ ಆಡಿದ ಮಕ್ಕಳು ಶಿಕ್ಷೆ ಉಂಡರು. ಅರಸ ತೊಲಗಿದರೆ ಭಾಷೆ ಉಳಿಯುತ್ತದೆ ಎಂಬ ಖಾತರಿ ಏನೂ ಇಲ್ಲ. ಇತ್ತ ಕೆನಡಾದಲ್ಲೇ ಉಳಿದ, ಮರಳಿ ಬಂದ ಅಕೇಡಿಯನ್ನರು ಪ್ರತ್ಯೇಕ ರಾಷ್ಟ್ರ ಕೇಳದೆ ಹಕ್ಕು ಕೇಳುತ್ತಾ ಬಂದರು. ನ್ಯೂ ಬ್ರನ್ಸ್‌ವಿಕ್ ಇಂದು ಕೆನಡಾದ ಏಕೈಕ ಅಧಿಕೃತ ದ್ವಿಭಾಷಾ ಪ್ರಾಂತ್ಯ. 2003ರ ಡಿಸೆಂಬರ್‌ನಲ್ಲಿ ರಾಣಿಯ ಹೆಸರಿನಲ್ಲಿ ಹೊರಟ ಘೋಷಣೆಯೊಂದು ಆ ದೇಶಾಂತರವನ್ನೂ ಅದರ ನೋವನ್ನೂ ಒಪ್ಪಿಕೊಂಡು, ಜುಲೈ 28ನ್ನು ಸ್ಮರಣೆಯ ದಿನವೆಂದು ಸಾರಿತು. ಪರಿಹಾರದ ಹೊಣೆಯನ್ನು ಅದು ಒಪ್ಪಲಿಲ್ಲ. ಆದರೂ ಯಾರ ಹೆಸರಿನಲ್ಲಿ ಮನೆ ಸುಟ್ಟಿತ್ತೋ ಅವರದೇ ಹೆಸರಿನಲ್ಲಿ ‘ಹೌದು, ಸುಟ್ಟೆವು’ ಎಂದು ಬರೆಸಿಕೊಂಡರು. ಇನ್ನೂರೈವತ್ತು ವರ್ಷ ಕಾದು ಪಡೆದ ಆ ಸಾಲಿಗೆ ತನ್ನದೇ ತೂಕವಿದೆ.

ಹಳೆಯ ಪುಟ

ಎಲ್ಲರಿಗೂ ಕೃತಜ್ಞತೆಗಳು. ಅರಸೊತ್ತಿಗೆಯನ್ನೂ ಭಾಷೆಯನ್ನೂ ಎದುರುಬದುರು ನಿಲ್ಲಿಸಿ ಕೇಳಿದ ನನ್ನ ಪ್ರಶ್ನೆಯೇ ಸ್ವಲ್ಪ ವಕ್ರವಾಗಿತ್ತೆಂದು ಈಗ ಅನಿಸುತ್ತಿದೆ. ಒಂದು ಸಂದೇಹ ಉಳಿದಿದೆ. 2022ರ ಡಿಸೆಂಬರ್‌ನಲ್ಲಿ ಕ್ವಿಬೆಕ್ ಆ ಪ್ರಮಾಣವಚನವನ್ನು ತಾನೊಬ್ಬನೇ ತೆಗೆದುಹಾಕಬಹುದಿತ್ತೇ? ಉಳಿದ ಪ್ರಾಂತ್ಯಗಳ ಒಪ್ಪಿಗೆ ಬೇಕಿರಲಿಲ್ಲವೇ?

ಕಾಯ್ದೆ ಓದುವವ

ಕಾನೂನು ಬಲ್ಲವರಲ್ಲೇ ಇದರ ಬಗ್ಗೆ ಎರಡು ಅಭಿಪ್ರಾಯಗಳಿವೆ. ಪ್ರಾಂತ್ಯವೊಂದು ತನ್ನದೇ ಆಡಳಿತ ಸಂವಿಧಾನವನ್ನು ತಿದ್ದಿಕೊಳ್ಳಬಹುದೆಂದು 1982ರ ಕಾಯ್ದೆಯ 45ನೆಯ ಕಲಮು ಹೇಳುತ್ತದೆ. ಕ್ವಿಬೆಕ್ ಆ ದಾರಿಯನ್ನು ಹಿಡಿದು, ಪ್ರಮಾಣವಚನ ವಿಧಿಸುವ, ಕೆನಡಾ ಒಕ್ಕೂಟವನ್ನು ಕಟ್ಟಿದ 1867ರ ಸಂವಿಧಾನ ಕಾಯ್ದೆಯ 128ನೆಯ ಕಲಮು ತನಗೆ ಅನ್ವಯಿಸದೆಂದು ಒಂದು ಸಾಲು ಸೇರಿಸಿತು. ಅರಸನ ಸ್ಥಾನವನ್ನು ಮುಟ್ಟುವ ಯಾವ ತಿದ್ದುಪಡಿಗೂ ಪಾರ್ಲಿಮೆಂಟ್ ಮತ್ತು ಹತ್ತೂ ಪ್ರಾಂತ್ಯಗಳ ಒಪ್ಪಿಗೆ ಬೇಕೆಂದು 41ನೆಯ ಕಲಮು ಹೇಳುತ್ತದೆ. ಪ್ರಮಾಣವಚನ ಆ ಸ್ಥಾನದ ಭಾಗವೇ ಎಂಬುದು ಆಕ್ಷೇಪಿಸುವವರ ವಾದ. ಅರಸನಿಗೆ ನಿಷ್ಠೆ ಸೂಚಿಸುವುದು ಸದಸ್ಯನ ಕರ್ತವ್ಯಕ್ಕೆ ಸೇರಿದ್ದೇ ಹೊರತು ಅರಸನ ಅಧಿಕಾರಕ್ಕೆ ಸೇರಿದ್ದಲ್ಲ ಎಂಬ ಕಾರಣಕ್ಕೆ ಕ್ವಿಬೆಕ್‌ನ ವಾದವೇ ನನಗೆ ಹೆಚ್ಚು ಸರಿಯೆನಿಸುತ್ತದೆ.

ಆ 41ನೆಯ ಕಲಮನ್ನು ತಾವು ಒಮ್ಮೆ ಪೂರ್ತಿ ಓದಬೇಕು. ಸರ್ವಸಮ್ಮತಿಯಿಲ್ಲದೆ ಮುಟ್ಟಬಾರದ ವಿಷಯಗಳ ಪಟ್ಟಿ ಅದು. ಮೊದಲನೆಯದು ಅರಸೊತ್ತಿಗೆ. ಅದೇ ಪಟ್ಟಿಯಲ್ಲಿ, ಒಂದೆರಡು ಸಾಲು ಕೆಳಗೆ, ಇಂಗ್ಲಿಷ್ ಅಥವಾ ಫ್ರೆಂಚ್ ಭಾಷೆಯ ಬಳಕೆ ಎಂದಿದೆ. ಕೆಲವೇ ಪ್ರಾಂತ್ಯಗಳಿಗೆ ಸಂಬಂಧಿಸಿದ ಬದಲಾವಣೆಗಷ್ಟೇ ವಿನಾಯಿತಿ. 1840ರಲ್ಲಿ ಫ್ರೆಂಚನ್ನು ಶಾಸನಸಭೆಯ ದಾಖಲೆಗಳಿಂದ ಹೊರಗಿಟ್ಟ ಕಲಮಿನ ಸಂಖ್ಯೆಯೂ 41 ಆಗಿತ್ತು. ಕೆನಡಾದ ಸಂವಿಧಾನದಲ್ಲಿ ಕಿರೀಟಕ್ಕೂ ಫ್ರೆಂಚಿಗೂ ಇಂದು ಒಂದೇ ಬೀಗ ಬಿದ್ದಿದೆ, ಮತ್ತು ಆ ಬೀಗ ಹಾಕಿದ ಕಾಗದಕ್ಕೆ ಕ್ವಿಬೆಕ್‌ನ ಒಪ್ಪಿಗೆ ಇನ್ನೂ ಬಂದಿಲ್ಲ.